ನಾಲ್ಕನೆಯ ಲೋಟ

ಗಾಳಿ ನಿಲ್ಲಲಿ, ಅಂದೆ ಡೆಂಬಾನಿಗೆ, ಆಮೇಲೆ ಬಿಚ್ಚೋಣ.
ಈ ಪಂಪಿನ ಹೊಟ್ಟೆಗೆ ಒಂದು ಕಾಳು ಮರಳು ಸಾಕು,
ಕೂದಲೆಳೆಯೂ ತೂರದ ಸಂದಿನಲ್ಲಿ ಓಡಾಡುವ ಉಕ್ಕು
ಒಂದೇ ಗೀರಿಗೆ ಮುಗಿಯಿತು.
ನುವಾಧಿಬುವಿನಲ್ಲಿ ಮರಳಿಗೇನು ಬರ?
ಅನ್ನದಲ್ಲಿ, ಹಲ್ಲಿನಲ್ಲಿ, ಮೀನಿನ ಕಿವಿರಿನಲ್ಲಿ,
ಗಾಜು ಮುಚ್ಚಿದ ಕೈಗಡಿಯಾರದೊಳಗೂ ಅದೇ.

ಮೂರು ದಿನ ಕಾದೆವು.
ಟಿಸ್ಲೆಮ್ ದಿನವೂ ಬಂದು ಬಾನೆಟ್ಟಿಗೊರಗಿ ನಿಂತಳು,
ನೀಲಿ ಮೆಲ್ಹಫಾದ ಸೆರಗು ಮೂಗಿಗೊತ್ತಿ.
ಬೈಯಲಿಲ್ಲ. ಬೈದಿದ್ದರೇ ವಾಸಿ.
ಆ ಡೀಸೆಲ್ ಮರ್ಸಿಡಿಸ್‌ಗೆ ನನಗಿಂತ ಎರಡೇ ವರ್ಷ ಕಡಿಮೆ.
ರಾಜಧಾನಿಗೆ ಒಂದು ಸಲಕ್ಕೆ ಏಳು ಜನ,
ಮೇಲೆ ಒಣಮೀನಿನ ಮೂಟೆ, ಒಮ್ಮೊಮ್ಮೆ ಒಂದು ಕುರಿ.
ಈಗ ನಿಂತಲ್ಲೇ ತೊಟ್ಟಿಕ್ಕುತ್ತದೆ.
ರಾತ್ರಿಯೆಲ್ಲ ಎಣ್ಣೆ ಹಿಂದಕ್ಕಿಳಿದು ಕೊಳವೆಯಲ್ಲಿ ಬರೀ ಗಾಳಿ,
ಬೆಳಗ್ಗೆ ಚಾವಿ ತಿರುಗಿಸಿದರೆ ಕೆಮ್ಮಿ, ಕೆಮ್ಮಿ, ಸುಮ್ಮನಾಗುತ್ತದೆ.

"ಬಂಕಿಗೆ ಹೊಸ ಎಣ್ಣೆ ಬಂದಿದೆ, ತುಂಬ ಶುದ್ಧವಂತೆ."
ಅದೇ ರೋಗ, ಅಂದೆ.
ಮೂವತ್ತು ವರ್ಷ ಗಂಧಕದ ಕೊಳೆ ಕುಡಿದು ಉಬ್ಬಿದ್ದ ರಬ್ಬರು
ಶುದ್ಧ ಸಿಕ್ಕ ಕೂಡಲೇ ಸೊರಗಿ ಜಾಗ ಬಿಟ್ಟಿದೆ.
ಅವಳು ಸ್ವಲ್ಪ ಯೋಚಿಸಿ,
"ನನ್ನ ಎರಡನೇ ಗಂಡ ತಂಬಾಕು ಬಿಟ್ಟಮೇಲೆ ಹೀಗೇ ಆದ,
ಯಾವುದಕ್ಕೂ ಹಿಡಿತ ಸಿಗಲಿಲ್ಲ."

ನಾಲ್ಕನೇ ದಿನ, ಬಾಂಗಿಗೂ ಮೊದಲು,
ಮಾಡಿನ ತಗಡು ಸದ್ದು ನಿಲ್ಲಿಸಿತು.
ನೆಲಕ್ಕೆ ನೀರು ಚಿಮುಕಿಸಿ, ಬಾಗಿಲಿಗೆ ಒದ್ದೆ ಚಾದರ ಕಟ್ಟಿ,
ಹಲ್ಲುಜ್ಜುವ ಬ್ರಷ್ಷಿನಿಂದ ಪಂಪನ್ನು ಮಗುವಿನಂತೆ ತೊಳೆದೆವು.
ಒಂದೊಂದೇ ಬಿಚ್ಚಿದೆ: ಸ್ಪ್ರಿಂಗು, ವಾಲ್ವು, ಸವೆದ ವಾಷರು.
ಇದರದ್ದು ಅದಕ್ಕೆ ಹೋಗಬಾರದು, ಡೆಂಬಾ,
ಕೂಡಿ ಸವೆದದ್ದು ಕೂಡಿಯೇ ಇರಬೇಕು.
ಒಂದೊಂದಕ್ಕೆ ಒಂದೊಂದು ಚಹಾ ಲೋಟ.
ಚಹಾಕ್ಕೆ ಮೂರು ಸುತ್ತು, ಇಂಜಿನ್ನಿಗೆ ಸಿಲಿಂಡರು ನಾಲ್ಕು;
ಗ್ಯಾರೇಜಿನಲ್ಲಿದ್ದದ್ದು ಮೂರೇ ಲೋಟ.
ಟಿಸ್ಲೆಮ್ ಚೀಲ ತಡಕಿ ಒಂದು ತೆಗೆದಳು, ಅಂಚಿಗೆ ಚಿನ್ನದ ಬಣ್ಣ.
"ಮೊದಲ ಮದುವೆಯ ಸೆಟ್ಟಿನಲ್ಲಿ ಉಳಿದದ್ದು ಇದೊಂದೇ.
ಒಡೆದರೆ ನೋಡು."

ಹಳೆಯ ಉಂಗುರ ಬೆರಳಲ್ಲಿ ಹಿಚುಕಿದರೆ ಲಟಕ್ಕನೆ ಮುರಿಯಿತು.
ಹೊಸದನ್ನು ಡೀಸೆಲ್‌ನಲ್ಲಿ ಅದ್ದಿ ಕೂರಿಸಿದೆ.
ಮೂವತ್ತಕ್ಕೆ ಬಿಗಿ. ಸಡಿಲಿಸು.
ಮತ್ತೆ ಮೂವತ್ತು. ಸಡಿಲಿಸು.
ಈಗ ಮೂವತ್ತೈದು. ಇನ್ನು ಮುಟ್ಟಬೇಡ.
ಬಿಗಿ ಮಾಡಿದ್ದನ್ನು ಸಡಿಲಿಸುವುದೇಕೆ, ಕೇಳಿದ ಹುಡುಗ.
ತಾಮ್ರಕ್ಕೆ ಬಿಗಿಯ ರುಚಿ ಗೊತ್ತಾಗಬೇಕಲ್ಲ, ಅಂದೆ.
ನಿಜ ಹೇಳಬೇಕೆಂದರೆ
ಸೇಂಟ್ ಲೂಯಿಯಲ್ಲಿ ನನ್ನ ಉಸ್ತಾದ್ ಹಾಗೆ ಮಾಡುತ್ತಿದ್ದ,
ನಾನು ಕೇಳಿರಲಿಲ್ಲ.

ಕೈಪಂಪು ಒತ್ತಿ ಒತ್ತಿ ಹೆಬ್ಬೆರಳು ಸೋತಿತು.
ಗುಳ್ಳೆ, ಗುಳ್ಳೆ, ಮತ್ತೆ ಗುಳ್ಳೆ,
ಆಮೇಲೆ ಗುಳ್ಳೆಯಿಲ್ಲದ ಎಣ್ಣೆ.
ಮೂರು ಕಾಲಿನಲ್ಲಿ ಕುಂಟಿತು ಇಂಜಿನ್ನು, ಬಿಳಿ ಹೊಗೆ ಕಾರಿ;
ನಾಲ್ಕನೆಯದು ತಡವಾಗಿ ಬಂದು ಸೇರಿಕೊಂಡಿತು.

ಸಕ್ಕರೆ ಅಚ್ಚಿಗೆ ಸುತ್ತಿ ಬರುವ ನೀಲಿ ಕಾಗದ
ಪಂಪಿನಡಿ ಹಾಸಿ ಮೂವರೂ ಕುಕ್ಕರುಗಾಲಲ್ಲಿ ಕೂತೆವು.
ಒಂದು ಹನಿ ಬಿತ್ತು.
ಹಳೆಯ ಎಣ್ಣೆಯೋ ಹೊಸದೋ?
ಡೆಂಬಾ ಚಹಾ ಕುದಿಸಿದ.
ಎಷ್ಟು ತೊಳೆದರೂ ಲೋಟಗಳಲ್ಲಿ ಡೀಸೆಲ್ಲಿನ ವಾಸನೆ,
ಪುದೀನದ ಹಿಂದೆಯೇ ಬಂತು.
ಹೊರಗೆ ಮತ್ತೆ ಗಾಳಿ ಎದ್ದಿತು.
ಮೂರನೆಯ ಸುತ್ತು ಮುಗಿದರೂ ಎರಡನೇ ಹನಿ ಇಲ್ಲ.

ಟಿಸ್ಲೆಮ್ ದುಡ್ಡು ಎಣಿಸಿ ಕೊಟ್ಟಳು,
ಲೋಟವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.
"ಮುಂದಿನ ಸಲಕ್ಕೆ ನೀನೇ ಒಂದು ಕೊಂಡಿಟ್ಟಿರು."