ತೆಳ್ಳಗಿರೋದು ಕೊಡವ್ವ

ಪಾಂಡವಪುರದ ಗ್ರಂಥಾಲಯದಲ್ಲಿ ಆ ದಿನ ನಾನು
ಹರಿದ ರಟ್ಟುಗಳಿಗೆ ಮೈದಾ ಅಂಟು ಹಚ್ಚುತ್ತಿದ್ದೆ.
ಸಣ್ಣಮೊಗಯ್ಯ ಬಾಗಿಲಲ್ಲೇ ನಿಂತ,
ಚಪ್ಪಲಿ ಹೊರಗೋ ಒಳಗೋ ತೀರ್ಮಾನವಾಗದೆ.

ಮೂವತ್ತೆರಡು ವರ್ಷ ನಾಲೆಯ ನೀರುಗಂಟಿ.
ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು
ಬೆರಳ ಗೆಣ್ಣುಗಳಲ್ಲೇ ಇತ್ತು ಅವನಿಗೆ.
ಮೊಮ್ಮಗಳು ಪಾಠ ಒಪ್ಪಿಸುವಾಗ ಕೇಳಿಸಿತಂತೆ:
ಎರಡು ನದಿಗಳ ನಡುವೆ ಒಂದು ನಾಡು,
ಐದು ಸಾವಿರ ವರ್ಷದ ಹಿಂದೆ, ಅಲ್ಲೂ ನಾಲೆ.
"ಹಂಗಾರೆ ಅಲ್ಲೂ ಒಬ್ಬ ನೀರುಗಂಟಿ ಇದ್ದಿರಬೇಕಲ್ವಾ?
ಅವನ ಸಮಾಚಾರ ಇರೋದು ಕೊಡವ್ವ."

ಬೀರುವಿನ ನೆತ್ತಿಯಿಂದ ಇಳಿಸಿದೆ, ಇಟ್ಟಿಗೆ ತೂಕದ್ದು.
ಮೊದಲ ಪುಟದಲ್ಲೇ ಹನ್ನೊಂದು ಅಡಿಟಿಪ್ಪಣಿ.
ಅಂಗೈಯಲ್ಲಿ ತೂಗಿ ನೋಡಿದ:
"ಇದು ಕಟ್ಟೆ ಕಟ್ಟಕ್ಕೆ ಆಯ್ತದೆ, ಓದಕ್ಕಲ್ಲ.
ತೆಳ್ಳಗಿರೋದು ಕೊಡವ್ವ."

ಎರಡನೆಯದು ಬರೀ ರಾಜರದು.
ಇವನು ಬಂದ, ಅವನು ಹೋದ, ಇವನನ್ನು ಅವನ ಮಗ ಕೊಂದ.
ಎಂಟು ದಿನಕ್ಕೆ ಹಿಂದಿರುಗಿಸಿದ, ಎಲೆಯಡಿಕೆಯ ಒಂದು ಚುಕ್ಕೆ ಸಹಿತ.
"ಇಷ್ಟು ಜನ ಸತ್ರಲ್ಲ,
ಬದುಕಿದ್ದಾಗ ಉಂಡದ್ದೇನು ಅಂತ ಎಲ್ಲೂ ಬರೆದಿಲ್ಲ."

ಮೂರನೆಯದು ಮಕ್ಕಳ ಕಪಾಟಿನದು; ಕೊಡಲು ನನಗೇ ಸಂಕೋಚ.
ದಪ್ಪಕ್ಷರ, ನಲವತ್ತು ಪುಟ,
ರಟ್ಟಿನ ಮೇಲೆ ಸುರುಳಿಗಡ್ಡದವನೊಬ್ಬ ನಗುತ್ತಿದ್ದ.
ಅವನಿಗೇನೂ ಅನ್ನಿಸಲಿಲ್ಲ. ಪೇಪರಿನ ಬೆಂಚಿನ ತುದಿಗೆ ಕೂತು
ಸಾಲಿನ ಮೇಲೆ ಬೆರಳು, ಬೆರಳ ಹಿಂದೆ ತುಟಿ.
ಕರೆಂಟು ಹೋಯಿತು. ಕಿಟಕಿಯ ಕಡೆ ಸರಿದ.

ಹದಿನೇಳನೇ ಪುಟದಲ್ಲಿ
ಏರಿಯ ಮೇಲೆ ಗುದ್ದಲಿ ಹಿಡಿದ ಒಬ್ಬ. ಹೆಸರಿಲ್ಲ.
ಸಣ್ಣಮೊಗಯ್ಯ ಅವನ ಪಾದಕ್ಕೆ ಉಗುರಿಟ್ಟ:
"ನಿಂತಿರೋ ಜಾಗ ಸರಿಯಿಲ್ಲ. ತೂಬು ಎತ್ತುವಾಗ
ಇಲ್ಲಿ ನಿಂತ್ರೆ ಕೊಚ್ಕೊಂಡೋಯ್ತಾನೆ."

ಆ ಹೊಲಗಳು ಕೊನೆಗೆ ಏನಾದವು ಗೊತ್ತಾ, ಎಂದು
ನಾನು ಟೀಚರಮ್ಮನಂತೆ ಬಾಯಿ ತೆರೆದೆ.
"ಚೌಳು ಎದ್ದಿರ್ತದೆ ಬುಡು.
ನೀರು ಬುಡೋದು ಕಲ್ತು ಬಸಿಯೋದು ಕಲೀನಿಲ್ಲ ಅಂದ್ರೆ
ಭೂಮಿ ಉಪ್ಪು ಕಕ್ತದೆ. ನಮ್ಮ ಕೆಳಬಯಲು ನೋಡಿಲ್ವಾ?"

ಅವನು ಹೋದ ಮೇಲೆ ತಿರುವಿದೆ. ಮೂವತ್ತೆಂಟನೇ ಪುಟ,
ಬೆಳ್ಳಗಾದ ನೆಲ:
ಗೋಧಿ ಬಿಟ್ಟು ಜವೆ ಬಿತ್ತಿದರು,
ಆಮೇಲೆ ಜವೆಯೂ ಬರಲಿಲ್ಲ.
ಅಲ್ಲಿಯವರೆಗೆ ಅವನು ಇನ್ನೂ ಓದಿರಲಿಲ್ಲ.

ಹದಿನೈದು ದಿನ ಬಿಟ್ಟು ಬಂದವನು
ಈ ಸಲ ಚಪ್ಪಲಿ ಒಳಗೇ ತಂದ.
"ಆ ಇಟ್ಟಿಗೆನೇ ಕೊಡು.
ಗುದ್ದಲಿಯವನ ಹೆಸರು ಅದರಲ್ಲಾದ್ರೂ ಇದ್ದದಾ ನೋಡವ."
ಕೊಟ್ಟೆ. ಹೊಸ ರಟ್ಟು, ಅಂಟು ಆರಿಲ್ಲ, ಹುಷಾರು ಎಂದೆ.
ತೂಬು ಎತ್ತುವವನ ಹಾಗೆ
ಮೊದಲು ಒಂದು ಬೆರಳಷ್ಟೇ ತೆರೆದ.