ಎದಿ ಅಳತಿ

ಅರ್ಜಿಯೊಳಗ 'ಮರ' ಅಂತ ಐತಿ.
ಮರ ಅಂದ್ರ ನಮಗ ಜ್ವಾಳ ಹಸನ ಮಾಡೂದು.
ನಮ್ಮ ಕಡೆ ಎಷ್ಟ ಎತ್ತರ ಹೋದರೂ ಗಿಡಾನ.
ಜಾತಿ: ಹೊಂಗೆ, ಅಂತ ಬರದೆ.
ಯಾರನ್ನೋ ಬ್ಯಾರೆ ಹೆಸರಿಲೆ ಕರದಂಗಾತು.
ಹೊಡದ ಹಾಕಿ, ಹುಲಗಲ ಅಂತ ತಿದ್ದಿದೆ.

ಸ್ಥಳ: ನವನಗರ, ಹುಬ್ಬಳ್ಳಿ.
ಅರ್ಜಿದಾರರು: ನೀಲಗಂಗಾ ಕುಂದಗೋಳ. ಉದ್ಯೋಗ: ಹೊಲಿಗಿ.
ಮರ ಕಡಿಯಲು ಕಾರಣ:
ಇಲ್ಲಿ ಪೆನ್ನು ನಿಂತತು.

ಕಾರಣ ಅಂದ್ರ ಹೊಂಬಳ ಅವರ ಕಾರು.
ಮೊನ್ನೆ ಅಡ್ಡಮಳಿಗೆ, ಸಂಜಿ ಐದರ ಗಾಳಿಗೆ
ನಮ್ಮ ಟೊಂಗಿ ಹೋಗಿ ಅದರ ನೆತ್ತಿಮ್ಯಾಲ ಕುಂತಿತು.
ಅವರು ಬೈಲಿಲ್ಲ. ಬೈದಿದ್ರ ಚಲೋ ಇತ್ತು.
"ನೋಡ್ರಿ ಅಕ್ಕಾರ, ಇವತ್ತ ಕಾರು. ನಾಳೆ ಕೂಸು"
ಅಂದು, ಗಾಜಿನ ಚೂರು ಮರದಾಗ ಬಳಕೊಂಡು
ಒಳಗ ಹ್ವಾದ್ರು.

ಸುತ್ತಳತೆ, ಎದೆಮಟ್ಟದಲ್ಲಿ:
ಓದಿ ನಗಿ ಬಂತು. ಇಪ್ಪತ್ತೆಂಟ ವರ್ಷ ನಂದು ಇದ ಕೆಲಸ,
ಓಣಿಯವರ ಎದಿ ಅಳಿಯೂದು.
ಟೇಪು ಕೊರಳಾಗ ಇತ್ತು. ಹ್ವಾದೆ, ತಬ್ಬಿ ಹಿಡದೆ.
ಅರವತ್ತ ಇಂಚಿನ ಟೇಪು ಕೂಡಲಿಲ್ಲ.
ಗಲ್ಲ ತೊಗಟಿಗೆ ಹತ್ತಿತ್ತು,
ಒಂದ ಕಟ್ಟಿರುವಿ ಕಿವಿಮ್ಯಾಲ ಹಾದು ತನ್ನ ಕೆಲಸಕ್ಕ ಹೋತು.
ಕಡಿಮಿ ಬಿದ್ದದ್ದಕ್ಕ ಒಂದ ತುಂಡು ಲೇಸು ಜೋಡಿಸಿ
ಅರವತ್ತೇಳು ಅಂತ ಬರದೆ.

ಮಂಗಳವಾರ ಹಜರೇಸಾಬ ಬಂದ,
ಹಗ್ಗ, ಗರಗಸದ ಮಷೀನು, ಜೋಡಿಗೊಬ್ಬ ಹುಡುಗ.
ಬಂದಾಂವನ ಕಡೀತಾನ ಅಂತ
ನಾ ಒಳಗ ರೇಡಿಯೋ ಜೋರ ಇಟ್ಟು ಕುಂತೆ.
ಎಷ್ಟೊತ್ತಾದ್ರೂ ಮಷೀನು ಸಪ್ಪಳಿಲ್ಲ.
ಹೊರಗ ಬಂದು ನೋಡಿದ್ರ ಕೊಡ್ಲಿ ತಿರುವಿ ಹಿಡದು
ಟಕ್, ಟಕ್, ಬೊಡ್ಡಿಗೆ ಕಿವಿ ಹಚ್ಚಿ,
ಕಲ್ಲಂಗಡಿ ಆರಿಸೂವಾಂಗ.
"ಈ ಬಾಜೂ ಟೊಳ್ಳ ಐತ್ರಿ, ವರಲಿ ಹೊಕ್ಕಾವ.
ಆ ಬಾಜೂ ಗಟ್ಟಿ. ಇದಕ್ಕಿನ್ನೂ ಸಾಯೂ ಮನಸಿಲ್ಲ.
ಆದ್ರ ಈ ಪೇವರ್ ಯಾರು ಹಾಕಿಸಿದ್ದು?"

ನಾನ.
ಎಲಿ ಗುಡಿಸಿ ಗುಡಿಸಿ ಬ್ಯಾಸತ್ತು,
ಗಿರಾಕಿ ಬಂದು ನಿಂತ್ರ ರಾಡಿ ಆಗಬಾರದಂತ
ಗಿಡದ ಕುತಗಿಗೆ ಹತ್ತಿಸಿ ಹಾಕಿಸಿದ್ದೆ,
ಒಂದ ಬಟ್ಟ ಜಾಗಾ ಬಿಡದ.

ಹನ್ನೆರಡ ವರ್ಷದ ಹುಡುಗಿ ಜಂಪರಿಗೆ
ಒಳಗ ಎರಡ ಬಟ್ಟ ಅರಬಿ ಮಡಚಿ ಇಡಾಕಿ ನಾನು.
"ಬೆಳಿಯೂ ಮೈ, ಮುಂದ ಬಿಚ್ಚಿಕೊಡ್ತೀನಿ" ಅಂತ
ತಾಯಂದಿರಿಗೆ ಹೇಳಾಕಿ.
ಬಸರಿಗೆ ಬ್ಯಾರೆ ಲೆಕ್ಕ, ಬಾಣಂತಿಗೆ ಬ್ಯಾರೆ.
ಬಾಗಲ ಮುಂದ ನಿಂತದ್ದಕ್ಕ ಮಾತ್ರ
ಬಿಗದ ಹೊಲದಿದ್ದೆ.

ಹಜರೇಸಾಬ ಹೊಂಬಳ ಅವರ ಕಡೆದ್ದಷ್ಟ ದೊಡ್ಡ ಟೊಂಗಿ
ಹಗ್ಗ ಬಿಗದು, ಮೂರ ತುಂಡು ಮಾಡಿ
ಮಾಳಿಗಿಯಿಂದ ಬೀರು ಇಳಿಸಿದಂಗ ಇಳಿಸಿದ.
"ಬೊಡ್ಡಿಗೆ ಹತ್ತಿ ಕೊಯ್ಯಬಾರದ್ರಿ.
ಈ ಉಬ್ಬು ಬಿಟ್ಟು ಕೊಯ್ದ್ರ
ಅದ ತನ್ನ ಗಾಯ ತಾನ ಹೊಲಕೊಂತೈತಿ."
ಪೇವರ್ ಕಿತ್ತಿದ್ರ ಕೆಳಗಿನ ಮಣ್ಣು ಸುಣ್ಣದಂಗ ಬಿಳಿ,
ಒಂದ ಹುಳಾ ಇಲ್ಲ.
ಕೊಡ ನೀರು ಹಾಕಿದೆ. ಹಂಗ ನಿಂತತು.
ನೀರು ಕುಡಿಯೂದು ಮರತಂಗ.
ಆಮ್ಯಾಲ, ನಾ ಒಳಗ ಹೋಗಿ ಬರೂದರಾಗ, ಇಳದಿತ್ತು.

"ಗ್ಯಾರಂಟಿ ಕೊಡಂಗಿಲ್ರಿ. ಎರಡ ಮಳಿಗಾಲ ನೋಡೂನು.
ವಾಲಿದ್ರ ನಾನ ಬಂದು ಇಳಸ್ತೀನಿ" ಅಂದ,
ರೊಕ್ಕ ಎಣಿಸದ ಕಿಸೇಕ್ಕ ಹಾಕ್ಕೊಂಡ.
ಹೊಂಬಳ ಅವರು ಕಟ್ಟಿಮ್ಯಾಲ ಕೈ ಕಟ್ಟಿ ನಿಂತಿದ್ರು.
"ಅರ್ಧಾನ ತಗದ್ರಿ?"
ಅವತ್ತಿಂದ ಕಾರು ರಸ್ತಾದ ಆಚಿ ಬಾಜೂ ನಿಲ್ಲಸ್ತಾರ.
ಮಾತು ಕಡಿಮಿ ಮಾಡ್ಯಾರ.
ಅವರದೂ ತಪ್ಪಲ್ಲ.

ಅರ್ಜಿ ಮಷೀನಿನ ಡ್ರಾದಾಗ ಐತಿ, ಬಾಬಿನ್ ಕೆಳಗ,
ಕಾರಣದ ಜಾಗಾ ಖಾಲಿ.
ಗಿರಾಕಿಯವರ ಅಳತಿ ವಹಿಯೊಳಗ,
ಶಿರೂರ ಟೀಚರು, ಮೂವತ್ತಾರು, ಅನ್ನೂದರ ಕೆಳಗ
ತಾರೀಖು ಹಾಕಿ ಬರದೀನಿ:
ಹುಲಗಲ ಗಿಡ. ಎದಿ ಅರವತ್ತೇಳು.
ಸಡಲ ಬಿಡಬೇಕು.