ಹುರಿ

ಐನೂರು ವರ್ಷ ಈ ಊರು ಪಾದರಸ ಅಗೆಯಿತು.
ಈಗ ಗಣಿಯ ಬಾಯಿಗೆ ಕಬ್ಬಿಣದ ಬಾಗಿಲು,
ಪ್ರವಾಸಿಗರಿಗೆ ಹೆಲ್ಮೆಟ್ಟು, ಟಿಕೆಟ್ಟು.
ಇದ್ರಿಯಾದಲ್ಲಿ ಅಗೆಯುವ ಚಟ ಉಳಿದದ್ದು
ನಮ್ಮ ಮುರ್ಕಾಳಿಗೆ ಮಾತ್ರ:
ಮೊಳದುದ್ದ ಮೈ, ಬೆರಳುದ್ದ ಕಾಲು,
ಪಕ್ಕದ ಮನೆ ಮಾರ್ಯೆತ್ಸಾಳ ಕೋಸಿನ ಪಾತಿಗೆ
ಯಮ.

ಫೆಬ್ರುವರಿಯ ಒಂದು ಬೆಳಗ್ಗೆ
ಪಾದರಸದ ಊರಲ್ಲಿ ಅವಳ
ಪಾದದ ರಸ ಆರಿಹೋಯಿತು.
ಮುಂದಿನೆರಡು ಕಾಲು ನನ್ನತ್ತ ಬಂದವು,
ಹಿಂದಿನೆರಡು, ಒದ್ದೆ ಕಾಲುಚೀಲದ ಹಾಗೆ,
ಎಳೆಸಿಕೊಂಡು ಬಂದವು.

ಲ್ಯುಬ್ಲಿಯಾನಾದ ಡಾಕ್ಟರು ನೇಜಾ ಕೋಬಾಲ್
ಚಿತ್ರವನ್ನು ಬೆಳಕಿಗೆ ಹಿಡಿದಳು:
ಬಿಲಕ್ಕೆ ನುಗ್ಗಲೆಂದು ನಾವೇ ಕುಗ್ಗಿಸಿದ ಕಾಲು,
ಬೇಟೆಗಾರರ ಆ ಹಳೆಯ ಸಾಲವನ್ನು
ಬೆನ್ನು ಕಟ್ಟುತ್ತಿದೆ.
ಮೂಳೆ ಮೂಳೆಯ ನಡುವೆ ಒಂದೊಂದು ಮೆತ್ತನೆ ದಿಂಬು.
ಈ ತಳಿಗೆ ಅದು ಎಳವೆಯಲ್ಲೇ ಸುಣ್ಣಗಟ್ಟುತ್ತದೆ.
ಒಂದು ಒಡೆದು ಹುರಿಯನ್ನು ಒತ್ತಿತ್ತು, ತೆಗೆದಿದ್ದೇವೆ.
ಇನ್ನು…

ಆ 'ಇನ್ನು' ಎಂಬಲ್ಲಿ ನಾನು ದಾರ ಹಿಡಿದೆ.
ದಿಂಬು, ಹುರಿ, ನನಗೆ ಗೊತ್ತಿರುವುದೇ ಅಷ್ಟು.

ಹೆಗಲ ಹಿಂದಿನ ಚಿಟಿಕೆ ಕೊಬ್ಬು ತೆಗೆದು
ಅದರೊಳಗಿನ ಜೀವಕೋಶಗಳನ್ನು
ಬೆಚ್ಚನೆ ಪೆಟ್ಟಿಗೆಯಲ್ಲಿ ಮೂರು ವಾರ ಸಾಕಿ,
ಲಕ್ಷಗಟ್ಟಲೆಯಾದ ಮೇಲೆ
ಅವಳ ಬೆನ್ನಿಗೇ ಮರಳಿ ಬಿಡುವುದು.
"ಕದ್ದು ತಿಂದ ಸಾಸೇಜು ಕೊನೆಗೂ ಕೆಲಸಕ್ಕೆ ಬಂತು"
ಅಂದ ನನ್ನ ಗಂಡ ಇಜಿದೋರ್.
ಡಾಕ್ಟರು ನಗಲಿಲ್ಲ.
"ಹೊಸ ದಿಂಬು ಹುಟ್ಟುತ್ತದೆ ಅನ್ನಲಾರೆ.
ಉರಿ ತಣಿಯಬಹುದು, ಹುರಿಗೆ ನೆರವಾಗಬಹುದು.
ಬಹುದು, ಅಷ್ಟೇ."
ಲೇಸು ಹೆಣೆಯುವವಳು ನಾನು.
ಲೇಸಾಗುತ್ತದೆ ಅಂತ ಒಂದು ಸಲ
ಬಾಯಿಮಾತಿಗಾದರೂ ಅನ್ನಬಾರದಿತ್ತೇ?

ಇಜಿದೋರ್ ಅಂಗಿ ಎತ್ತಿ ಸೊಂಟ ತೋರಿಸಿದ.
ಇಪ್ಪತ್ತೇಳು ವರ್ಷ ನೆಲದಡಿ ಬಗ್ಗಿ ಬಗ್ಗಿ
ಸವೆದ ಅವನ ಕೊನೆಯೆರಡು ದಿಂಬು.
"ಇಲ್ಲಿಗೂ ಒಂದು ತೊಟ್ಟು ಬಿಡಿ ತಾಯಿ,
ನಾನೂ ಬಿಲದ ತಳಿಯೇ."
ಯಾರೂ ಮಾತಾಡಲಿಲ್ಲ.
ಮುರ್ಕಾ ಅವನ ಬೂಟು ನೆಕ್ಕಿದಳು.

ಅಮ್ಮ ಹೆಣೆದಿದ್ದ ಮೇಜುಹಾಸು ಮಾರಿದೆ.
ಬೋಳು ಮೇಜಿನ ಮೇಲೆ ಸೂಪು ಕುಡಿಯುತ್ತ
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಸೂಜಿ ಕೊಟ್ಟ ಐದನೆಯ ವಾರ.
ರಾತ್ರಿ ಹದಿನಾಲ್ಕು ಜೊತೆ ಮರದ ಕಡ್ಡಿಗಳನ್ನು
ದಾಟಿಸಿ, ತಿರುವಿ, ದಾಟಿಸಿ ಕೂತಿದ್ದೆ.
ಅವಳು ಕಾಲಬುಡದಲ್ಲಿ.
ಕೈತಪ್ಪಿದ ಗುಂಡುಸೂಜಿಯೊಂದು
ಅವಳ ಹಿಂದಿನ ಎಡಪಾದಕ್ಕೆ ನಾಟಿತು.

ಪಾದ ಹಿಂದಕ್ಕೆ ಸರಿಯಿತು.
ತಲೆ ತಿರುಗಿಸಿ ನನ್ನನ್ನು ಬೈದಳು,
ಸಣ್ಣಗೆ, ಒಂದೇ ಬಾರಿ.

ಕ್ಷಮೆ ಕೇಳಲೋ, ಓಣಿಯನ್ನೆಲ್ಲ ಎಬ್ಬಿಸಲೋ ತಿಳಿಯದೆ
ಬಲಪಾದಕ್ಕೂ ಚುಚ್ಚಿಬಿಟ್ಟೆ, ದೇವರು ಮನ್ನಿಸಲಿ.
ಅದು ಸುಮ್ಮನಿತ್ತು.

ಈಗ ಮೇ ತಿಂಗಳು.
ಮೂರು ಕಾಲು ನಡೆಯುತ್ತವೆ, ನಾಲ್ಕನೆಯದು
ಕುಡಿದ ನೆಂಟನ ಹಾಗೆ ಜೊತೆಗೆ ಬರುತ್ತದೆ.
ಕೋಶಗಳೋ, ಕತ್ತರಿಯೋ, ಬರಿಯ ಕಾಲವೋ
ಎಂದು ಕೇಳಿದರೆ ಡಾಕ್ಟರು
ಭುಜ ಕುಣಿಸಿ, ತನಗೂ ತಿಳಿಯದೆನ್ನುತ್ತಾಳೆ.
ಆಮೇಲಿಂದ ಅವಳನ್ನು ನಂಬತೊಡಗಿದ್ದೇನೆ.

ನಿನ್ನೆ ಮಾರ್ಯೆತ್ಸಾ ಬಾಗಿಲಿಗೆ ಬಂದು ಕೂಗಾಡಿದಳು:
ಕೋಸಿನ ಪಾತಿ ಮತ್ತೆ ಕೆದರಿದೆಯಂತೆ.
"ಎಷ್ಟು ಆಳ?"
ಸೊಂಟಕ್ಕೆ ಕೈಕೊಟ್ಟು ಎದ್ದ ಇಜಿದೋರ್.
"ನಡಿ, ತೋರಿಸು."